ಪ್ರತಿಶ್ಯಾಯ ಚಿಕಿತ್ಸೆಯೂ ಕೃಷ್ಣಾತೀರದ ಮನೆಮದ್ದೂ

೧

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಒಂದರ ಪಕ್ಕದಲ್ಲೊಂದು ಹಬ್ಬಿಕೊಂಡಿವೆ. ಇವುಗಳಲ್ಲಿ ನಿಪ್ಪಾಣಿಯೂ ಕಾಗವಾಡವೂ ಈಚೆಗೆ ಚಿಕ್ಕೋಡಿ ಅಥಣಿಗಳಿಂದ ಬೇರೆಯಾದವು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಈ ಸೀಮೆಯನ್ನು ತಣಿಸುತ್ತವೆ. ಕನ್ನಡ ಮರಾಠಿಗಳೆರಡೂ ಇಲ್ಲಿಯ ಮನೆಮಾತುಗಳು. ಜೈನ, ವೀರಶೈವ, ಬ್ರಾಹ್ಮಣ ಮೊದಲಾದ ಸಮಾಜಗಳು ಬಹುಕಾಲದಿಂದ ಒಟ್ಟಿಗೆ ಬಾಳಿಕೊಂಡು ಬಂದಿರುವುದರಿಂದ ಅವುಗಳ ಆಚಾರಗಳೂ ಅಡಿಗೆಗಳೂ ಔಷಧಗಳೂ ಪರಸ್ಪರ ಬೆರೆತಿವೆ.

ಋತು ಮಗುಚುವ ಕಾಲದಲ್ಲಿ ಮೂಗು ಸೋರುವುದು, ಎಡೆಬಿಡದೆ ಸೀನು ಬರುವುದು, ಕಣ್ಣು ಕೆಂಪಾಗಿ ನೀರಿಳಿಯುವುದು, ಮೈಮೇಲೆ ಗಂಧೆಗಳೇಳುವುದು, ಇವು ಎಲ್ಲ ದೇಶಗಳಲ್ಲಿಯೂ ಉಂಟು. ಇಂದಿನ ವೈದ್ಯರು ಇವುಗಳಲ್ಲಿ ಬಹುಭಾಗವನ್ನು ಅಲರ್ಜಿ ಎಂಬ ಒಂದು ಹೆಸರಿನಲ್ಲಿ ಸೇರಿಸುತ್ತಾರೆ. ಈ ಸೀಮೆಯ ಮನೆಗಳಲ್ಲಿ ಇವಕ್ಕೆ ಅಲ್ಲ, ಬೆಲ್ಲ, ಅರಿಶಿಣ, ಅಜವಾನ, ತುಳಸಿ, ಮೆಣಸು ಮೊದಲಾದ ಪದಾರ್ಥಗಳಿಂದ ಮದ್ದು ಮಾಡುವುದು ವಾಡಿಕೆ. ಈ ಮದ್ದುಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಇವು ಶಾಸ್ತ್ರದ ಆಧಾರವಿಲ್ಲದ ಅಜ್ಜಿಯರ ರೂಢಿಗಳೆಂದು ಕೆಲವರ ಮತ. ಅಲರ್ಜಿಯೆಂಬುದೆಲ್ಲವನ್ನೂ ಪ್ರಾಚೀನರು ಆಗಲೇ ಅರಿತಿದ್ದರೆಂದೂ, ಮನೆಮದ್ದೆಲ್ಲವೂ ಆ ಅರಿವಿನ ಶೇಷವೆಂದೂ ಬೇರೆ ಕೆಲವರ ಮತ. ಗ್ರಂಥಗಳನ್ನೂ ದೇಶಾಚಾರವನ್ನೂ ಕೂಡಿಸಿ ನೋಡಿದರೆ ಎರಡೂ ಪೂರ್ಣವಾಗಿ ನಿಲ್ಲುವುದಿಲ್ಲವೆಂಬುದು ಮುಂದಿನ ವಿಚಾರದಿಂದ ತಿಳಿದುಬರುತ್ತದೆ.

೨

ಮೊದಲು ರೋಗದ ಹೆಸರನ್ನು ವಿಚಾರಿಸಬೇಕು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಮೂಗು ಸೋರುವ ರೋಗಕ್ಕೆ ಪ್ರತಿಶ್ಯಾಯವೆಂದು ಹೆಸರು. ಅದು ಬಲಿತು ನಿಂತರೆ ಪೀನಸ. ಸೀನೇ ಪ್ರಧಾನವಾದದ್ದು ಕ್ಷವಥು. ಮರಾಠಿಯ ‘ಪಡಸೆ’, ತೆಲುಗಿನ ‘ಪಡಿಶ’ ಎಂಬ ಮಾತುಗಳು ಪ್ರತಿಶ್ಯಾಯ ಶಬ್ದದ ತದ್ಭವಗಳು. ಕನ್ನಡದ ‘ನೆಗಡಿ’ ಇವುಗಳ ಬಳಗಕ್ಕೆ ಸೇರಿದ್ದಲ್ಲ. ಗಡಿನಾಡಿನ ಮನೆಗಳಲ್ಲಿ ನೆಗಡಿ ಪಡಸೆಗಳೆರಡೂ ಕಿವಿಗೆ ಬೀಳುತ್ತವೆ. ಒಂದೇ ರೋಗಕ್ಕೆ ದೇಶ್ಯವೂ ತದ್ಭವವೂ ಅಕ್ಕಪಕ್ಕದಲ್ಲಿ ಬದುಕಿರುವುದು ಇಲ್ಲಿಯ ಔಷಧಪರಂಪರೆಗೂ ಒಪ್ಪುವ ಲಕ್ಷಣವಾಗಿದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೬ನೆಯ ಅಧ್ಯಾಯದಲ್ಲಿ ಪ್ರತಿಶ್ಯಾಯದ ಕಾರಣಗಳನ್ನು ಎಣಿಸಿದೆ. ವೇಗಧಾರಣ, ಅಜೀರ್ಣ, ಜಾಗರಣ, ಅತಿನಿದ್ರೆ, ತಣ್ಣೀರು, ಮಂಜು ಇವುಗಳ ಜೊತೆಯಲ್ಲಿ ಧೂಳು, ಹೊಗೆ, ಋತುವೈಷಮ್ಯ ಎಂಬ ಮೂರನ್ನೂ ಅಲ್ಲಿ ಹೇಳಿರುವುದು ಗಮನಾರ್ಹ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪ್ರತಿಶ್ಯಾಯಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದ್ದು, ಐದು ಭೇದಗಳನ್ನು ಹೇಳಿ, ಪಕ್ವವಾಗದ ರೋಗಕ್ಕೆ ಒಂದು ಕ್ರಮವನ್ನೂ ಪಕ್ವವಾದದ್ದಕ್ಕೆ ಬೇರೊಂದು ಕ್ರಮವನ್ನೂ ವಿಧಿಸಿದೆ.

ಇನ್ನು ಮೈಮೇಲೆ ಏಳುವ ಗಂಧೆಗಳು. ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಮೂರು ಹೆಸರುಗಳಿಂದ ಇವನ್ನು ಹೇಳಿದೆ. ತಣ್ಣನೆಯ ಗಾಳಿಯ ಸ್ಪರ್ಶದಿಂದ ಕಫವಾತಗಳು ಕೆರಳಿ ಪಿತ್ತದೊಡನೆ ಕೂಡಿ ಒಳಗೂ ಹೊರಗೂ ಹರಡುತ್ತವೆಂದೂ, ಕಣಜ ಕಡಿದಂತೆ ಬಾವು ಏಳುತ್ತದೆಂದೂ ಅಲ್ಲಿಯ ವಿವರಣೆ. ಜನರು ಇದನ್ನೇ ಪಿತ್ತವೆದ್ದಿದೆ ಎನ್ನುತ್ತಾರೆ. ಶಾಸ್ತ್ರದಲ್ಲಿ ಮೂರು ದೋಷಗಳ ಕೂಟವಾಗಿದ್ದದ್ದು ಆಡುನುಡಿಯಲ್ಲಿ ಪಿತ್ತವೊಂದರ ಹೆಸರಿನಲ್ಲಿ ಉಳಿದುಕೊಂಡಿದೆ.

೩

ಪ್ರಾಚೀನರಿಗೆ ಪುಷ್ಪಪರಾಗದಿಂದಾಗುವ ರೋಗ ತಿಳಿದಿತ್ತೆ ಎಂಬುದು ಮುಂದಿನ ಪ್ರಶ್ನೆ. ತಿಳಿದಿತ್ತೆನ್ನುವವರು ಸುಶ್ರುತಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವನ್ನು ಎತ್ತಿ ತೋರಿಸುವುದುಂಟು. ಋತುಗಳು ಕೆಡದೆ ಇರುವಾಗಲೂ ವಿಷವುಳ್ಳ ಗಿಡಗಳ ಹೂವಿನ ಗಂಧವನ್ನು ಗಾಳಿಯು ಹೊತ್ತುತಂದು ಒಂದು ಪ್ರದೇಶವನ್ನು ವ್ಯಾಪಿಸಿದರೆ ಅಲ್ಲಿಯ ಜನಕ್ಕೆ ಕೆಮ್ಮು, ಉಸಿರಾಟದ ತೊಂದರೆ, ವಾಂತಿ, ನೆಗಡಿ, ತಲೆನೋವು, ಜ್ವರ ಉಂಟಾಗುತ್ತವೆಂದು ಅಲ್ಲಿ ಹೇಳಿದೆ. ಗಾಳಿಯೊಡನೆ ಬಂದ ಹೂವಿನ ಅಂಶದಿಂದ ನೆಗಡಿಯೂ ಶ್ವಾಸವೂ ಬರುತ್ತವೆಂಬ ಈ ವೀಕ್ಷಣೆ ನಿಜವಾಗಿಯೂ ಆಶ್ಚರ್ಯಕರವಾದದ್ದು. ಯೂರೋಪಿನಲ್ಲಿ ಬೇಸಿಗೆಯ ಈ ನೆಗಡಿಯನ್ನು ಜಾನ್ ಬಾಸ್ಟಾಕ್ ಎಂಬ ವೈದ್ಯನು ತನ್ನ ಅನುಭವದಿಂದಲೇ ವರ್ಣಿಸಿದ್ದು ೧೮೧೯ರಲ್ಲಿ. ಅದಕ್ಕೆ ಪರಾಗವೇ ಕಾರಣವೆಂದು ಚಾರ್ಲ್ಸ್ ಬ್ಲಾಕ್ಲಿ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು ೧೮೭೩ರಲ್ಲಿ ಪ್ರಕಟಿಸಿದನು. ಅಲರ್ಜಿ ಎಂಬ ಶಬ್ದವನ್ನು ವಿಯೆನ್ನಾದ ಫಾನ್ ಪಿರ್ಕೆ ೧೯೦೬ರಲ್ಲಿ ಕಲ್ಪಿಸಿದನು.

ಆದರೆ ಸುಶ್ರುತನ ವಾಕ್ಯವನ್ನು ಪೂರ್ತಿಯಾಗಿ ಓದದೆ ತೀರ್ಮಾನಕ್ಕೆ ಬರುವುದು ಯುಕ್ತವಲ್ಲ. ಈ ಉಪದ್ರವವು ದೋಷ ಮತ್ತು ಪ್ರಕೃತಿಗಳ ಭೇದವಿಲ್ಲದೆ ಜನರನ್ನು ಪೀಡಿಸುತ್ತದೆಂದು ಅಲ್ಲಿಯೇ ಸ್ಪಷ್ಟವಾಗಿದೆ. ಪ್ರಕರಣವೂ ಜನಪದವೇ ಹಾಳಾಗುವ ಸಾಂಕ್ರಾಮಿಕ ಪೀಡೆಯದು. ಅಲರ್ಜಿಯ ಲಕ್ಷಣವಾದರೋ ಇದಕ್ಕೆ ವಿರುದ್ಧವಾದದ್ದು. ಒಂದೇ ಹೊಲದಲ್ಲಿ ಕೆಲಸ ಮಾಡುವ ಹತ್ತು ಜನರಲ್ಲಿ ಒಬ್ಬನಿಗೆ ಸೀನು ಬಂದು ಒಂಬತ್ತು ಜನಕ್ಕೆ ಬಾರದಿರುವುದೇ ಅದರ ಸ್ವಭಾವ. ಆದುದರಿಂದ ಗಾಳಿ, ಹೂವು, ನೆಗಡಿ ಇವುಗಳ ಸಂಬಂಧವನ್ನು ಸುಶ್ರುತನು ಕಂಡಿದ್ದನೆಂದು ಹೇಳಬಹುದೇ ಹೊರತು, ಅಲರ್ಜಿಯ ತತ್ತ್ವವನ್ನು ಹೇಳಿದನೆನ್ನಲಾಗದು.

ಆ ತತ್ತ್ವಕ್ಕೆ ಹೆಚ್ಚು ಸಮೀಪವಾದದ್ದು ಕಲ್ಪಸ್ಥಾನದಲ್ಲಿ ಬರುವ ದೂಷೀವಿಷದ ವಿಚಾರ. ಶಕ್ತಿಗುಂದಿದ ವಿಷವು ಕೊಲ್ಲಲಾರದೆ ಶರೀರದಲ್ಲಿ ಬಹುಕಾಲ ಅಡಗಿದ್ದು, ತಂಗಾಳಿ ಬೀಸುವ ಮೋಡದ ದಿನಗಳಲ್ಲಿ ಕೆರಳಿ ಮಂಡಲಗಳನ್ನೂ ಕೋಠಗಳನ್ನೂ ಎಬ್ಬಿಸುತ್ತದೆಂದು ಅಲ್ಲಿ ಹೇಳಿದೆ. ಹಿಂದೆ ಒಳಹೊಕ್ಕ ವಸ್ತುವು ಮುಂದೆ ಕಾಲ ದೇಶಗಳ ಪ್ರೇರಣೆಯಿಂದ ಪ್ರಕಟವಾಗುತ್ತದೆಂಬ ಭಾವನೆ ಇಲ್ಲಿದೆ. ಇದನ್ನೂ ಸಾದೃಶ್ಯವೆಂದು ಕರೆಯುವುದು ಸರಿ. ಅಭೇದವೆಂದು ಸಾಧಿಸುವುದು ಸರಿಯಲ್ಲ.

೪

ಋತು ಮತ್ತು ದೇಶ ಎಂಬೆರಡು ವಿಷಯಗಳಲ್ಲಿ ಶಾಸ್ತ್ರಕ್ಕೂ ಈ ಸೀಮೆಯ ಅನುಭವಕ್ಕೂ ಚೆನ್ನಾಗಿ ಹೊಂದಿಕೆಯುಂಟು. ಒಂದು ಋತುವಿನ ಕೊನೆಯ ಏಳು ದಿನಗಳೂ ಮುಂದಿನ ಋತುವಿನ ಮೊದಲ ಏಳು ದಿನಗಳೂ ಸೇರಿ ಋತುಸಂಧಿಯೆಂದು ವಾಗ್ಭಟನು ಹೇಳುತ್ತಾನೆ. ಆಗ ಹಳೆಯ ಅಭ್ಯಾಸವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಒಮ್ಮೆಗೇ ಬದಲಿಸಿದರೆ ರೋಗ. ಶಿಶಿರದಲ್ಲಿ ಕೂಡಿದ ಕಫವು ವಸಂತದ ಬಿಸಿಲಿಗೆ ಕರಗಿ ಹರಿಯುತ್ತದೆಂಬ ಮಾತೂ ಪ್ರಸಿದ್ಧವಾದದ್ದು. ಮಾವು ಬೇವುಗಳು ಹೂಬಿಡುವ ಕಾಲವೂ ಅದೇ.

ದೇಶದ ವಿಷಯವಾಗಿ ಆನೂಪ, ಜಾಂಗಲ, ಸಾಧಾರಣವೆಂದು ಶಾಸ್ತ್ರದಲ್ಲಿ ಮೂರು ಭೇದಗಳಿವೆ. ಸಹ್ಯಾದ್ರಿಗೆ ಹತ್ತಿರವಾದ ನಿಪ್ಪಾಣಿ ಚಿಕ್ಕೋಡಿಗಳ ಪಶ್ಚಿಮ ಭಾಗಕ್ಕೆ ಮಳೆ ಹೆಚ್ಚು. ಪೂರ್ವಕ್ಕೆ ಹೋದಂತೆ ಕಡಿಮೆಯಾಗುತ್ತ ಅಥಣಿಯ ಮೂಡಣ ಹಳ್ಳಿಗಳು ಬರಗಾಲದ ಸೀಮೆಯನ್ನು ಮುಟ್ಟುತ್ತವೆ. ನದೀತೀರದ ಕಬ್ಬಿನ ಗದ್ದೆಗಳು ಆನೂಪ; ಅಥಣಿಯ ಎರೆಹೊಲಗಳು ಬಹುಮಟ್ಟಿಗೆ ಜಾಂಗಲ. ನೀರಾವರಿ ಹೆಚ್ಚಿದಂತೆ ಕಬ್ಬು ವಿಸ್ತರಿಸಿ, ೧೯೩೯ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆ ಸ್ಥಾಪಿತವಾಗಿ, ಜಾಂಗಲವಾಗಿದ್ದ ಎಷ್ಟೋ ನೆಲ ಆನೂಪದ ಗುಣವನ್ನು ಪಡೆಯಿತು. ಗ್ರಂಥದ ದೇಶವಿಭಾಗವು ಸ್ಥಿರವಾದದ್ದಲ್ಲ, ಮನುಷ್ಯನ ಕೃಷಿಯಿಂದ ಬದಲಾಗತಕ್ಕದ್ದು ಎಂಬುದಕ್ಕೆ ಈ ಸೀಮೆಯೇ ನಿದರ್ಶನ. ರಾಯಬಾಗದ ಹಳೆಯ ಹೆಸರು ‘ಹೂವಿನಬಾಗೆ’ ಎಂದು ಶಾಸನವಿದರು ಗುರುತಿಸಿರುವುದನ್ನೂ ಇಲ್ಲಿ ನೆನೆಯಬಹುದು.

೫

ಸಂಸ್ಕೃತಶಾಸ್ತ್ರವು ಮನೆಯ ಒಲೆಯವರೆಗೆ ಬಂದ ದಾರಿ ಯಾವುದು? ಕನ್ನಡ ನಾಡಿನಲ್ಲಿ ಇದಕ್ಕೆ ಸಾಕಷ್ಟು ಉತ್ತರವುಂಟು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಶಾ. ಶ. ೯೪೭ರಲ್ಲಿ (ಕ್ರಿ. ಶ. ೧೦೨೫), ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಗೆ ನರವೈದ್ಯವೂ ವಿಷವೈದ್ಯವೂ ಸೇರಿವೆ. ಅಡಿಗೆಯನ್ನೂ ಔಷಧವನ್ನೂ ಒಂದೇ ಹೊತ್ತಗೆಯಲ್ಲಿ ಇಟ್ಟದ್ದು ಗೃಹಸ್ಥನ ಉಪಯೋಗವನ್ನು ಉದ್ದೇಶಿಸಿಯೇ ಎಂಬುದು ಹೆಸರಿನಿಂದಲೇ ವ್ಯಕ್ತವಾಗುತ್ತದೆ. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮನ ಗೋವೈದ್ಯವೂ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಹುಟ್ಟಿದವು. ೧೪ನೆಯ ಶತಮಾನದಲ್ಲಿ ಮೊದಲನೆಯ ಮಂಗರಾಜನು ವಿಷಚಿಕಿತ್ಸೆಗೇ ಮೀಸಲಾದ ಖಗೇಂದ್ರಮಣಿದರ್ಪಣವನ್ನು ಬರೆದನು.

ಇವರಲ್ಲಿ ಸೋಮನಾಥನ ಗ್ರಂಥವು ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು. ಪೂಜ್ಯಪಾದ ಮುನಿಗಳು ಹಿಂದೆ ಹೇಳಿದ ಕಲ್ಯಾಣಕಾರಕವನ್ನು ತಾನು ಕನ್ನಡದಲ್ಲಿ ಹೇಳುವುದಾಗಿಯೂ, ಅದು ಬಾಹಟ ಚರಕಾದಿಗಳಿಗಿಂತ ಮೇಲಾದದ್ದೆಂದೂ, ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ್ದೆಂದೂ ಕವಿಯು ತಿಳಿಸುತ್ತಾನೆ. ಇದೇ ಹೆಸರಿನ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಅದರ ಕೊನೆಯ ಹಿತಾಹಿತಾಧ್ಯಾಯದಲ್ಲಿ ಮಾಂಸೌಷಧವನ್ನು ವಿಸ್ತಾರವಾಗಿ ಖಂಡಿಸಿದೆ.

ಮಧುವರ್ಜನವೆಂಬುದು ಸಣ್ಣ ಮಾತಲ್ಲ. ಕಫಕ್ಕೆ ಜೇನೇ ಪರಮೌಷಧವೆಂಬುದು ಆಯುರ್ವೇದದ ಸಾಮಾನ್ಯ ಸಿದ್ಧಾಂತ. ಶುಂಠಿ ಮೆಣಸು ಹಿಪ್ಪಲಿಗಳ ತ್ರಿಕಟುವಾಗಲಿ ಸಿತೋಪಲಾದಿ ಚೂರ್ಣವಾಗಲಿ ಜೇನಿನಲ್ಲಿ ಕಲಸಿಯೇ ಕೊಡತಕ್ಕವು. ಜೇನನ್ನು ಬಿಟ್ಟಮೇಲೆ ವೈದ್ಯನಿಗೆ ಉಳಿಯುವ ಸಿಹಿಯೆಂದರೆ ಕಬ್ಬಿನ ವಿಕಾರಗಳಾದ ಬೆಲ್ಲ ಸಕ್ಕರೆಗಳು. ಭೋಜ, ಸದಲಗಾ, ಶೇಡಬಾಳಗಳಂಥ ಜೈನ ನೆಲೆಗಳಿಂದ ಕೂಡಿದ ಸೀಮೆಯು ಕಬ್ಬಿನ ಸೀಮೆಯೂ ಆಗಿರುವುದರಿಂದ ಈ ಬದಲಾವಣೆ ಇಲ್ಲಿ ಸುಲಭಸಾಧ್ಯವಾಗಿತ್ತು.

ಆಚಾರದ ಬಲವನ್ನು ಇನ್ನೊಂದು ಕಡೆಯಿಂದಲೂ ಕಾಣಬಹುದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಕನ್ನಡ ಶಾಸನಗಳು ಜೈನಶ್ರಾವಕರ ಧರ್ಮವೆಂದು ಮತ್ತೆ ಮತ್ತೆ ಹೊಗಳುತ್ತವೆ. ಔಷಧದಾನವು ಜೈನರಿಗೆ ಮಾತ್ರ ಮೀಸಲಾಗಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠದಲ್ಲಿ ಅನಾಥರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದು ೧೧೬೨ರ ಶಾಸನವು ಹೇಳುತ್ತದೆ. ಆದರೆ ದಿಗಂಬರ ಮುನಿಗಳ ಸಂಬಂಧದಲ್ಲಿ ಭೈಷಜ್ಯದಾನವು ಒಂದು ವಿಶೇಷ ರೂಪವನ್ನು ತಾಳುತ್ತದೆ. ಮುನಿಗಳು ದಿನಕ್ಕೊಮ್ಮೆ ಮಾತ್ರ ಆಹಾರವನ್ನು ಸ್ವೀಕರಿಸುವರು. ಔಷಧವೂ ಆಗಲೇ ಸಲ್ಲಬೇಕು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೆಡೆ ನಿಲ್ಲುವರು. ನೆಗಡಿ ಕೆಮ್ಮುಗಳ ಕಾಲವೂ ಅದೇ. ಹೀಗಾಗಿ ಸೋಸಿ ಕಾಯಿಸಿದ ನೀರಿನಲ್ಲಿ, ಜೇನಿಲ್ಲದೆ, ಹಸಿಯ ಕಂದಮೂಲಗಳಿಲ್ಲದೆ, ಸೂರ್ಯಾಸ್ತಕ್ಕೆ ಮುಂಚೆ ಸಲ್ಲುವಂಥ ಮದ್ದನ್ನು ಸಿದ್ಧಗೊಳಿಸುವ ಹೊಣೆ ಮನೆಯ ಹೆಂಗಸರದಾಯಿತು. ಮುನಿಗೆ ಮಾಡಿದ್ದೇ ಮಕ್ಕಳಿಗೂ ಸಂದಿರಬೇಕು. ಶಾಸ್ತ್ರದಿಂದ ಒಲೆಗೆ ಬಂದ ದಾರಿಗಳಲ್ಲಿ ಇದೊಂದೆಂದು ಊಹಿಸಲು ಅವಕಾಶವಿದೆ.

೬

ಇನ್ನು ಮದ್ದುಗಳನ್ನು ಒಂದೊಂದಾಗಿ ನೋಡಬಹುದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹಸಿಯದಕ್ಕೆ ಅಲ್ಲವೆಂದೂ ಒಣಗಿದ್ದಕ್ಕೆ ಶುಂಠಿಯೆಂದೂ ಹೆಸರು. ಸಂಸ್ಕೃತದ ಆರ್ದ್ರಕ, ಶುಂಠೀ ಎಂಬ ಭೇದವನ್ನು ಆಡುಮಾತು ಹೀಗೆ ಬಿಡದೆ ಕಾಪಾಡಿದೆ. ಈ ಭೇದಕ್ಕೆ ಇಲ್ಲಿ ಆಚಾರದ ಅರ್ಥವೂ ಉಂಟು. ಆಚಾರನಿಷ್ಠರಾದ ಜೈನರು ಅಲ್ಲವನ್ನು ಕಂದಮೂಲವೆಂದು ಬಿಟ್ಟು ಶುಂಠಿಯನ್ನು ಸ್ವೀಕರಿಸುತ್ತಾರೆ. ಹಸಿಯ ಅರಿಶಿಣವನ್ನು ಬಿಟ್ಟು ಒಣಗಿದ ಕೊಂಬನ್ನು ಬಳಸುತ್ತಾರೆ. ಉಳಿದ ಮನೆಗಳಲ್ಲಿ ಅಲ್ಲವನ್ನು ಜಜ್ಜಿ ಬೆಲ್ಲದೊಡನೆ ಕುದಿಸುವುದು, ಹಾಲಿಗೆ ಹಾಕುವುದು ರೂಢಿ. ಅಪಕ್ವವಾದ ಪ್ರತಿಶ್ಯಾಯವನ್ನು ಪಕ್ವಗೊಳಿಸಲು ಸ್ವೇದವನ್ನೂ ಬಿಸಿಯಾದ ಹುಳಿಯಾಹಾರವನ್ನೂ, ಹಾಲಿನೊಡನೆಯೋ ಕಬ್ಬಿನ ವಿಕಾರಗಳೊಡನೆಯೋ ಆರ್ದ್ರಕವನ್ನೂ ಸೇವಿಸಬೇಕೆಂದು ಸುಶ್ರುತನು ವಿಧಿಸಿರುವುದಕ್ಕೂ ಈ ರೂಢಿಗೂ ಎಳ್ಳಷ್ಟೂ ಅಂತರವಿಲ್ಲ. ಚರಕಸಂಹಿತೆಯ ಶ್ವಯಥುಚಿಕಿತ್ಸೆಯಲ್ಲಿಯೂ ಸಮಭಾಗದ ಬೆಲ್ಲ ಅಲ್ಲಗಳನ್ನು ಅರ್ಧಪಲದಿಂದ ಆರಂಭಿಸಿ ಐದು ಪಲಗಳವರೆಗೆ ಏರಿಸುತ್ತ ಒಂದು ತಿಂಗಳು ಸೇವಿಸುವ ಪ್ರಯೋಗವಿದ್ದು, ಅದರ ಫಲಗಳಲ್ಲಿ ಶ್ವಾಸ ಪ್ರತಿಶ್ಯಾಯಗಳ ನಿವಾರಣೆಯೂ ಸೇರಿದೆ.

ಗಂಧೆಗಳಿಗೆ ಅಜವಾನವನ್ನು ಬೆಲ್ಲದೊಡನೆ ತಿನ್ನಿಸುವುದು ಎರಡನೆಯ ಮದ್ದು. ಪಥ್ಯಾನ್ನವನ್ನುಣ್ಣುತ್ತ ಬೆಲ್ಲ ಅಜವಾನಗಳನ್ನು ಸೇವಿಸಿದರೆ ಏಳು ದಿನಗಳಲ್ಲಿ ಉದರ್ದವು ಶಮನವಾಗುತ್ತದೆಂದು ಚಕ್ರದತ್ತನ ಸಂಗ್ರಹದಲ್ಲಿದೆ. ಕೋಕಂ ಸಿಪ್ಪೆಯನ್ನು ನೆನಸಿದ ನೀರನ್ನು ಮೈಗೆ ಸವರುವುದು ಕೊಂಕಣದ ಪದ್ಧತಿ. ಘಟ್ಟದ ಕೆಳಗಿನ ವ್ಯಾಪಾರದೊಡನೆ ಇದು ಮೇಲೆ ಬಂದಿರಬೇಕು.

ಅರಿಶಿಣವು ಮೂರನೆಯದು. ರಾಯಬಾಗ, ಚಿಕ್ಕೋಡಿ, ಅಥಣಿಗಳಲ್ಲಿ ಬೆಳೆದ ಅರಿಶಿಣಕ್ಕೆ ಸಾಂಗಲಿಯ ಪೇಟೆ ಹತ್ತಿರ. ಬಿಸಿಹಾಲಿನೊಡನೆ ಇದನ್ನು ಕುಡಿಯುವುದೂ, ಕೊಂಬನ್ನು ಸುಟ್ಟು ಹೊಗೆಯನ್ನು ಮೂಗಿಗೆ ಹಿಡಿಯುವುದೂ ಮನೆಮದ್ದು. ಭೈಷಜ್ಯರತ್ನಾವಳಿಯಲ್ಲಿ ಶೀತಪಿತ್ತ ಉದರ್ದಗಳಿಗೆ ಹೇಳಿದ ಹರಿದ್ರಾಖಂಡದಲ್ಲಿ ಅರಿಶಿಣ, ತುಪ್ಪ, ಹಾಲು, ಸಕ್ಕರೆಗಳೇ ಮುಖ್ಯದ್ರವ್ಯಗಳು. ಮನೆಯ ಅರಿಶಿಣದ ಹಾಲು ಅದರ ಸಂಕ್ಷೇಪವೋ, ಮನೆಯ ಹಾಲೇ ವೈದ್ಯನ ಕೈಯಲ್ಲಿ ಹರಿದ್ರಾಖಂಡವಾಯಿತೋ ಎಂದು ಕೇಳಿದರೆ ಎರಡನೆಯ ಪಕ್ಷವೂ ಅಸಂಭವವೆನಿಸುವುದಿಲ್ಲ. ಶಾಸ್ತ್ರವು ಲೋಕಕ್ಕೆ ಕೊಟ್ಟಂತೆ ಲೋಕದಿಂದ ಪಡೆದದ್ದೂ ಉಂಟು. ಕಾಡಿನ ಗಿಡಗಳನ್ನು ಗೋಪಾಲರಿಂದಲೂ ವನಚರರಿಂದಲೂ ಅರಿಯಬೇಕೆಂದು ಸಂಹಿತಾಕಾರರೇ ಒಪ್ಪಿಕೊಂಡಿದ್ದಾರೆ.

೭

ನಸ್ಯದ ಕಥೆ ಇವೆಲ್ಲಕ್ಕಿಂತ ವಿಚಿತ್ರವಾದದ್ದು. ಪ್ರಾವೃಟ್, ಶರತ್, ವಸಂತಗಳೆಂಬ ಮೂರು ಕಾಲಗಳಲ್ಲಿ, ಆಕಾಶವು ನಿರ್ಮಲವಾಗಿರುವಾಗ, ವರ್ಷವರ್ಷವೂ ಅಣುತೈಲವನ್ನು ಮೂಗಿಗೆ ಬಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿಧಿಯುಂಟು. ರೋಗ ಬಂದಮೇಲೆ ಮಾಡುವ ಚಿಕಿತ್ಸೆಗಿಂತ ಬಾರದಂತೆ ತಡೆಯುವ ಕ್ರಮವಿದು. ಮನೆಗಳಲ್ಲಿ ಇದು ಆಕಳ ತುಪ್ಪವನ್ನು ಮೂಗಿಗೆ ಸವರುವ ಅಭ್ಯಾಸವಾಗಿ ಉಳಿದಿದೆ.

ಆದರೆ ಇದೇ ಶಬ್ದವು ‘ನಶ್ಯ’ ಎಂಬ ರೂಪದಲ್ಲಿ ಈಗ ಹೊಗೆಸೊಪ್ಪಿನ ಪುಡಿಗೆ ರೂಢವಾಗಿದೆ. ಹೊಗೆಸೊಪ್ಪು ಪೋರ್ತುಗೀಜರ ಮೂಲಕ ಬಂದ ಅಮೆರಿಕದ ಗಿಡ. ಚರಕ ಸುಶ್ರುತರು ಅದನ್ನು ಬಲ್ಲವರಲ್ಲ. ೧೭ನೆಯ ಶತಮಾನದ ಆರಂಭದಲ್ಲಿ ಅಕಬರನ ಅಧಿಕಾರಿಯಾದ ಅಸದ್ ಬೇಗನು ವಿಜಾಪುರದಲ್ಲಿ ಇದನ್ನು ಮೊದಲು ಕಂಡು ಬಾದಶಹನಿಗೆ ಒಯ್ದು ಒಪ್ಪಿಸಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಥಣಿ ರಾಯಬಾಗಗಳು ಅಂದು ಆ ಆದಿಲಶಾಹಿ ರಾಜ್ಯಕ್ಕೇ ಸೇರಿದ್ದವು. ಆಮೇಲೆ ಹುಟ್ಟಿದ ಯೋಗರತ್ನಾಕರದಲ್ಲಿ ತಮಾಖುವಿನ ಗುಣದೋಷಗಳಿಗೂ ಸ್ಥಳ ದೊರೆಯಿತು. ನಿಪ್ಪಾಣಿಯು ಬೀಡಿಯ ತಂಬಾಕಿನ ದೊಡ್ಡ ಪೇಟೆಯಾಗಿ ಬೆಳೆಯಿತು. ಮೂಗನ್ನು ಶುದ್ಧಗೊಳಿಸುವ ಔಷಧದ ಹೆಸರು ಹೀಗೆ ಮೂಗನ್ನು ಕೆರಳಿಸುವ ವಸ್ತುವಿಗೆ ಸಂದುಹೋಯಿತು. ವಖಾರಗಳಲ್ಲಿ ತಂಬಾಕನ್ನು ಬಡಿದು ಸೋಸುವ ಹೆಂಗಸರಿಗೆ ಬರುವ ಸೀನು ಕೆಮ್ಮುಗಳು ಋತುವಿನವಲ್ಲ, ಕಸುಬಿನವು. ಚರಕನು ಹೇಳಿದ ‘ರಜಸ್ಸು’ ಎಂಬ ಕಾರಣಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ಇದಕ್ಕೆ ಅಲ್ಲ ಬೆಲ್ಲಗಳು ಉತ್ತರವಾಗಲಾರವು. ಧೂಳನ್ನು ದೂರಮಾಡುವುದೇ ಉತ್ತರ. ಚಿಕಿತ್ಸೆಯೆಂದರೆ ಸಂಕ್ಷೇಪವಾಗಿ ನಿದಾನಪರಿವರ್ಜನವೇ ಎಂಬುದು ಶಾಸ್ತ್ರದ್ದೇ ಸಿದ್ಧಾಂತ.

ಇನ್ನೊಂದು ಹೊಸ ಕಾರಣವು ಗಿಡದ ರೂಪದಲ್ಲಿಯೇ ಬಂದಿತು. ೧೯೫೫ರಲ್ಲಿ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಗಿಡವು ಬೇಗನೆ ದಖನ್ನಿನ ಹೊಲ, ಹಾದಿ, ಹಾಳುನೆಲಗಳನ್ನೆಲ್ಲ ತುಂಬಿತು. ಕಾಂಗ್ರೆಸ್ ಕಸವೆಂದು ಜನರು ಕರೆಯುವುದು ಇದನ್ನೇ. ಇದರ ಸ್ಪರ್ಶದಿಂದ ಚರ್ಮದಲ್ಲಿ ಉರಿ ತುರಿಗಳೂ ಪರಾಗದಿಂದ ಸೀನು ಶ್ವಾಸಗಳೂ ಉಂಟಾಗುತ್ತವೆ. ಸುಶ್ರುತನು ಹೇಳಿದ ಗಾಳಿಯಲ್ಲಿ ಬರುವ ವಿಷಪುಷ್ಪದ ಮಾತು ಈ ಗಿಡಕ್ಕೆ ಎಷ್ಟು ಹೊಂದಿದರೂ, ಆ ಗಿಡವು ಅವನ ಕಾಲಕ್ಕೆ ಈ ದೇಶದಲ್ಲಿರಲಿಲ್ಲ. ಅದಕ್ಕೆ ಪ್ರತ್ಯೇಕವಾದ ಮದ್ದನ್ನು ಹಳೆಯ ಓಲೆಗಳಲ್ಲಿ ಹುಡುಕುವುದು ವ್ಯರ್ಥ.

೮

ಈ ವಿಚಾರದಿಂದ ಫಲಿಸುವುದಿಷ್ಟು. ಕೃಷ್ಣಾತೀರದ ಮನೆಮದ್ದು ನಿರಾಧಾರವಾದ ರೂಢಿಯಲ್ಲ. ಅದರ ಮುಖ್ಯ ಯೋಗಗಳಿಗೆ ಸಂಹಿತೆಗಳಲ್ಲಿ ಪ್ರಮಾಣ ದೊರೆಯುತ್ತದೆ. ಅದು ಸಂಹಿತೆಗಳ ಬರಿಯ ಪ್ರತಿಯೂ ಅಲ್ಲ. ಜೈನರ ಮಧುವರ್ಜನ, ಕಂದಮೂಲತ್ಯಾಗ, ಕಬ್ಬು ಅರಿಶಿಣಗಳ ಕೃಷಿ, ಕೊಂಕಣದ ಸಂಪರ್ಕ ಇವು ಅದಕ್ಕೆ ತಮ್ಮದೇ ಆದ ರೂಪವನ್ನು ಕೊಟ್ಟಿವೆ. ಅಲರ್ಜಿಯ ತತ್ತ್ವವು ಪ್ರಾಚೀನರಿಗೆ ತಿಳಿದಿತ್ತೆಂಬ ವಾದಕ್ಕೆ ಮಾತ್ರ ಗ್ರಂಥಗಳು ಪೂರ್ಣವಾದ ಬೆಂಬಲವನ್ನು ಕೊಡುವುದಿಲ್ಲ.

ಮನೆಯವರೆಗೆ ಬಂದ ಶಾಸ್ತ್ರದಲ್ಲಿ ದ್ರವ್ಯ ಉಳಿದು ಕ್ರಮ ಅಳಿದಿದೆಯೆಂಬುದನ್ನೂ ಹೇಳಬೇಕು. ಆಮ ಪಕ್ವಗಳ ವಿವೇಕ, ಏಳು ದಿನಗಳ ಅವಧಿ, ಅರ್ಧಪಲದಿಂದ ಏರುವ ಮಾತ್ರೆ, ಪಥ್ಯ, ಋತುಸಂಧಿಯ ಎಚ್ಚರ ಇವು ಮರೆತುಹೋಗಿ ಕಷಾಯವೊಂದೇ ನಿಂತಿದೆ. ಹೀಗೆ ನಿಂತದ್ದನ್ನು ಎಲ್ಲರಿಗೂ ಎಲ್ಲ ಕಾಲಕ್ಕೂ ಕೊಡುವುದು ಶಾಸ್ತ್ರಸಮ್ಮತವಲ್ಲ. ಉಸಿರು ಕಟ್ಟುವಂತಾದಾಗ, ಗಂಧೆಗಳೊಡನೆ ತುಟಿ ನಾಲಗೆಗಳು ಬಾತಾಗ ಮನೆಮದ್ದನ್ನು ನೆಚ್ಚಿ ಕುಳಿತರೆ ಪ್ರಾಣಕ್ಕೇ ಅಪಾಯ. ಸಾಧ್ಯಾಸಾಧ್ಯಗಳನ್ನು ಅರಿಯದೆ ಚಿಕಿತ್ಸೆಗೆ ತೊಡಗಬಾರದೆಂದು ಹಳೆಯ ಆಚಾರ್ಯರೂ ಎಚ್ಚರಿಸಿದ್ದಾರೆ.

ಕನ್ನಡ ವೈದ್ಯಗ್ರಂಥಗಳನ್ನು ಇದುವರೆಗೆ ಬಹುಮಟ್ಟಿಗೆ ಕವಿಗಳ ಕಾಲನಿರ್ಣಯಕ್ಕಾಗಿಯೂ ಶಬ್ದಸಂಪತ್ತಿಗಾಗಿಯೂ ಓದಿದ್ದುಂಟು. ಅವುಗಳ ಯೋಗಗಳನ್ನು ಒಂದೊಂದು ಸೀಮೆಯ ಮನೆಮದ್ದಿನೊಡನೆ ಹೋಲಿಸಿ, ಯಾವುದು ಸಂಸ್ಕೃತದಿಂದ ಬಂದದ್ದು, ಯಾವುದು ನಾಡಿನದು, ಯಾವುದು ಆಚಾರದಿಂದ ಬದಲಾದದ್ದು ಎಂದು ವಿಂಗಡಿಸಿದರೆ ಸಾಹಿತ್ಯದ ಇತಿಹಾಸಕ್ಕೂ ಜನಜೀವನದ ಇತಿಹಾಸಕ್ಕೂ ಸಮಾನವಾಗಿ ಲಾಭವಾಗುವುದು. ಅಲ್ಲ ಶುಂಠಿಗಳ ಭೇದವನ್ನು ಇಂದಿಗೂ ಮಾತಿನಲ್ಲಿಯೂ ಆಚಾರದಲ್ಲಿಯೂ ಉಳಿಸಿಕೊಂಡಿರುವ ಚಿಕ್ಕೋಡಿ ಅಥಣಿಗಳ ಸೀಮೆಯು ಇಂಥ ಕೆಲಸಕ್ಕೆ ತಕ್ಕ ಕ್ಷೇತ್ರವಾಗಿದೆ.